ಗ್ಯಾಸ್ ಖಾಲಿ ಆಗಿಲ್ರಿ!

ಕಾರಿನ ಎಸಿ ಒಂದು ದಿನ ತಣ್ಣಗೆ ಬೀಸದಿದ್ದರೆ ಸಾಕು, ನಮ್ಮ ಸಾಂಗಲಿ-ಮಿರಜ ಕಡೆ ಮನೆಮಂದಿಯೆಲ್ಲ ಮೆಕ್ಯಾನಿಕ್ ಆಗಿಬಿಡುತ್ತಾರೆ. ಅದಕ್ಕೇ ನನ್ನ ಕಸುಬಿನಲ್ಲಿ ವಾರಕ್ಕೆ ಎರಡು ಸಲವಾದರೂ ಹೊಟ್ಟೆ ಹಿಡಿದುಕೊಂಡು ನಗುವ ಪ್ರಸಂಗ ತಪ್ಪಿದ್ದಲ್ಲ. ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರದೂ ಒಂದೇ ಮಾತು: "ಗ್ಯಾಸ್ ಖಾಲಿ ಆಗೇತಿ." ನಾನು ಚೀಲ ಬಿಚ್ಚಿ, ಗೇಜು ಹಚ್ಚಿ ನೋಡಿ, "ಗ್ಯಾಸ್ ಖಾಲಿ ಆಗಿಲ್ರಿ" ಅಂದರೆ ನನ್ನ ಮುಖವನ್ನೇ ಸಂಶಯದಿಂದ ನೋಡುತ್ತಾರೆ. ಸೂಜಿ ಚುಚ್ಚದೆ ಕಳಿಸುವ ಡಾಕ್ಟರನ್ನು ಯಾರು ನಂಬುತ್ತಾರೆ ಹೇಳಿ.

ಹನ್ನೆರಡು ವರ್ಷ ನಾನು ಒಂದು ಗ್ಯಾರೇಜಿನಲ್ಲಿ ಎಸಿ ಕೆಲಸ ಮಾಡಿದವನು. ಅಲ್ಲಿಯ ಶಾಸ್ತ್ರವೆಂದರೆ, ಬಂದ ಗಾಡಿಗೆ ಮೊದಲು ಗ್ಯಾಸ್ ತುಂಬು, ಆಮೇಲೆ ಏನಾಗಿದೆ ನೋಡು. ನನಗೆ ಅದು ಒಗ್ಗಲಿಲ್ಲ. ಕೆಲಸ ಬಿಟ್ಟೆ. ಗೇಜು, ನಟ್ಟು ಬಿಗಿಯುವ ಪಾನಾ, ಒಂದು ಬ್ಯಾಟರಿ ದೀಪ ಚೀಲಕ್ಕೆ ಹಾಕಿಕೊಂಡು, ಸ್ಕೂಟರ್ ಮೇಲೆ ಗಿರಾಕಿಯ ಮನೆಗೇ ಹೋಗಿ ಎಸಿ ಪರೀಕ್ಷೆ ಮಾಡಿಕೊಡುವ ಸ್ವಂತ ಧಂದೆ ಶುರು ಮಾಡಿದೆ.

ನನ್ನ ಹೆಂಡತಿಗೆ ಇದು ಹುಡುಗಾಟವೆನಿಸಿತು. ಅವಳ ಅಣ್ಣನದು ಸಾಂಗಲಿ ಪೇಟೆಯಲ್ಲಿ ಅರಿಶಿಣದ ದೊಡ್ಡ ಅಂಗಡಿ. ವ್ಯವಹಾರ ನೋಡಿಕೊಂಡು ಗಾದಿಯ ಮೇಲೆ ಕೂರಲು ಮನೆಯ ಮನುಷ್ಯನೊಬ್ಬ ಬೇಕೆಂದು ಅವರು ನನ್ನ ಹಿಂದೆ ಬಿದ್ದು ಎರಡು ವರ್ಷವಾಗಿತ್ತು. ಹೆಂಡತಿ ಪಾಡವಾ, ಅಂದರೆ ಯುಗಾದಿ ಹಬ್ಬದ ದಿನ ಹೋಳಿಗೆ ಬಡಿಸುತ್ತಾ ಕರಾರು ಹಾಕಿದಳು.

"ಇವತ್ತಿಂದ ಮಿರಗದ ಮಳಿ ಬೀಳೂ ತನಕ ನಿಮ್ಮ ಮನಸ್ಸಿನಂಗ ಮಾಡ್ರಿ. ಅಷ್ಟರಾಗ ಧಂದಾ ಕುದುರಲಿಲ್ಲಂದ್ರ, ಬಾಯಿ ಮುಚಗೊಂಡು ಅಣ್ಣನ ಅಂಗಡಿಗೆ ಹೋಗಿ ಕುಂದ್ರೂದು. ಕಬೂಲ?"

ಮಿರಗ ಅಂದರೆ ಜೂನ್ ಮೊದಲಿಗೆ ಬೀಳುವ ಮೃಗಶಿರಾ ಮಳೆ. ಬಾಯಲ್ಲಿ ಹೋಳಿಗೆ ಇತ್ತು. "ಕಬೂಲ" ಅಂದೆ.

ಅರಿಶಿಣದ ಅಂಗಡಿ ಕೆಟ್ಟದ್ದೆಂದಲ್ಲ. ನನಗೆ ಕೂತಲ್ಲಿ ನಿದ್ದೆ ಬರುತ್ತದೆ. ಒಂದು ಯಂತ್ರ ಯಾಕೆ ಮುನಿಸಿಕೊಂಡಿದೆ ಅಂತ ಕಂಡುಹಿಡಿಯುವಾಗ ಆಗುವ ಖುಷಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಅದನ್ನು ಬಿಡಬೇಕಾದೀತು ಅನ್ನುವ ಭಯವನ್ನು ಚೀಲದ ಜೊತೆಯಲ್ಲೇ ಹೊತ್ತುಕೊಂಡು ಆ ಬೇಸಿಗೆಯೆಲ್ಲ ಓಡಾಡಿದೆ.

೧. ನೂರಾನಾಲ್ಕು ಜ್ವರ

ಮೊದಲ ಗಿರಾಕಿ ನಮ್ಮೂರು ಮಿರಜಿನವರೇ. ದೊಡ್ಡ ದವಾಖಾನೆಯಲ್ಲಿ ವಾರ್ಡಿನ ಸಿಸ್ಟರ್ ಆಗಿದ್ದು ನಿವೃತ್ತರಾದ ಒಬ್ಬ ಮಾವಶಿ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವುದು ಹಾಗೆ. ನಾನು ಹೋದಕೂಡಲೇ ಬಾನೆಟ್ ತೆರೆಯಲು ಬಿಡಲಿಲ್ಲ.

"ಕುಂದ್ರಿ. ಮೊದಲ ಕೇಸ್ ಪೇಪರ್ ನೋಡ್ರಿ" ಅಂತ ಒಂದು ಹಾಳೆ ಕೈಗಿಟ್ಟರು.

ನೋಡಿದರೆ ಜ್ವರದ ಪಟ್ಟಿ! ನಾಲ್ಕು ದಿನ ಮೂರು ಹೊತ್ತೂ ಎಸಿಯ ಜಾಳಿಗೆಗೆ ಮನುಷ್ಯರ ಥರ್ಮಾಮೀಟರ್ ಹಿಡಿದು ಬರೆದಿದ್ದರು. ಗಾಡಿ ಓಡುವಾಗ, ಪಾದರಸ ಏರದಷ್ಟು ಕಡಿಮೆ. ಸಿಗ್ನಲ್ಲಿನಲ್ಲಿ ನಿಂತಾಗ, ನೂರಾನಾಲ್ಕು. ಮತ್ತೆ ಓಡಿದಾಗ, ಕಡಿಮೆ.

"ನಿಂತಾಗ ಏರತೈತಿ, ಓಡಿದ್ರ ಇಳೀತೈತಿ. ಇಂಥಾ ಉಲ್ಟಾ ಜ್ವರ ನನ್ನ ಸರ್ವೀಸಿನಾಗ ನೋಡಿಲ್ಲ" ಅಂದರು ಮಾವಶಿ. "ಬಾಜೂ ಮನಿಯವರು ಗ್ಯಾಸ್ ಅಂತಾರ. ನನಗ ಹಂಗ ಅನಸೂದಿಲ್ಲ."

ಅವರ ಪಾದ ಮುಟ್ಟಬೇಕೆನಿಸಿತು. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಮುಂದಿನ ಫ್ಯಾನು ಎಳೆಯಬೇಕು. ಅಂದರೆ ಫ್ಯಾನು ತಿರುಗುತ್ತಿಲ್ಲ. ಗೇಜು ಹೊರಗೆ ತೆಗೆಯುವ ಮೊದಲೇ ರೋಗ ಸಿಕ್ಕಿತ್ತು. ಫ್ಯಾನಿನ ವೈರು ಹರಿದಿತ್ತು, ಜೋಡಿಸಿ ಕಪ್ಪು ಟೇಪು ಸುತ್ತಿದೆ. ಫ್ಯಾನು ತಿರುಗಿತು, ಮಾವಶಿಯ ಮುಖ ಅರಳಿತು. ಕೇಸ್ ಪೇಪರಿನ ಕೆಳಗೆ ನನ್ನ ಸಹಿ ಹಾಕಿಸಿಕೊಂಡು, "ಪಥ್ಯ ಏನು?" ಅಂದರು. "ಬಿಸಿಲಾಗ ನಿಲ್ಲಸಬ್ಯಾಡ್ರಿ" ಅಂದೆ. ಅದನ್ನೂ ಬರೆದುಕೊಂಡರು.

ಎಂಟು ದಿನ ಬಿಟ್ಟು ಅವರ ಫೋನು ಬಂತು. "ಪೇಶಂಟ್ ಆರಾಮ ಐತಿ. ಆ ಕರೀ ಪಟ್ಟಿ ಬಿಚ್ಚಾಕ ಯಾವಾಗ ಬರ್ತೀರಿ?"

೨. ದ್ರಾಕ್ಷಿಗೆ ಬೆಲ್ಟು

ಮಾಲಗಾಂವದ ಒಬ್ಬ ದ್ರಾಕ್ಷಿ ತೋಟದವರು ಫೋನಿನಲ್ಲೇ ಜಗಳಕ್ಕೆ ನಿಂತಂತೆ ಮಾತಾಡಿದರು. "ಹೊಸಾ ಗಾಡಿ, ಎಸಿ ಕಾಮಾಚಾ ನಾಹೀ, ಏನೂ ಉಪಯೋಗಿಲ್ಲ! ಇವತ್ತ ಬಂದು ಗ್ಯಾಸ್ ತುಂಬಿ ಹೋಗ್ರಿ."

ಹೋದೆ. ಅಂಗಳದಲ್ಲಿ ಗಾಡಿ ಚಾಲೂ ಇತ್ತು. ಬಾಗಿಲು ತೆರೆದು ಮುಂದೆ ಕೈ ಹಿಡಿದರೆ ಬೆರಳು ಸೆಟೆದುಕೊಂಡವು. ಮುಂದಿನ ಸೀಟಿನಲ್ಲಿ ಅವರ ತಂದೆ, ಎಂಬತ್ತರ ಅಜ್ಜ, ಮಂಕಿ ಟೋಪಿ ಹಾಕಿ, ಕಂಬಳಿ ಹೊದ್ದು ಕೂತಿದ್ದರು. ಹೊರಗೆ ಬೆಂಕಿಯಂಥ ಬಿಸಿಲು.

"ಇಷ್ಟ ತಂಪೈತೆಲ್ರಿ!" ಅಂದೆ.

"ಮುಂದಿಂದು ಬಿಡ್ರೀ, ಹಿಂದ ನೋಡ್ರಿ."

ಹಿಂದಿನ ಸೀಟಿನಲ್ಲಿ ಗಾಜಿನವರೆಗೂ ದ್ರಾಕ್ಷಿಯ ಪೆಟ್ಟಿಗೆಗಳು. ಕೊಲ್ಹಾಪುರದ ಬೀಗರಿಗೆ ಕೊಡುವ ಮಾಲು. ಅಲ್ಲಿ ಮುಟ್ಟುವಷ್ಟರಲ್ಲಿ ತೊಟ್ಟು ಒಣಗಿರಬಾರದು, ಅದು ಅವರ ಮರ್ಯಾದೆಯ ಪ್ರಶ್ನೆ. ನಾನು ಗೇಜು ಹಚ್ಚಿ ತೋರಿಸಿದೆ. ಗ್ಯಾಸ್ ತುಂಬಿತ್ತು. ಗಾಡಿಗೆ ಏನೂ ಆಗಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಕೆಲಸವನ್ನು ಕಾರಿಗೆ ಹಚ್ಚಿದ್ದರು, ಅಷ್ಟೇ.

"ಕಾಕಾ, ತಂಪು ಮುಂದ ಐತಿ. ದ್ರಾಕ್ಷಿ ಮುಂದ ಇಡ್ರಿ, ಅಜ್ಜಾರನ್ನ ಹಿಂದ ಕುಂದರಸ್ರಿ."

ಕಂಬಳಿಯೊಳಗಿಂದ ಅಜ್ಜ ಎರಡೂ ಕೈ ಎತ್ತಿ ನನಗೆ ಮುಗಿದರು. "ಎಂಟು ದಿನ ಆತು ತಮ್ಮಾ, ಇದನ್ನ ಹೇಳಾಕತ್ತೇನಿ. ನನ್ನ ಮಾತ ಯಾರು ಕೇಳ್ತಾರ!"

ಹಿಡಿಸಿದಷ್ಟು ಪೆಟ್ಟಿಗೆ ಮುಂದೆ ಬಂದವು, ಅಜ್ಜ ಹಿಂದೆ ಹೋದರು. ಗಾಡಿ ಹೊರಟಿತು, ಕೂಡಲೇ ಕುಂಯ್ ಕುಂಯ್ ಅಂತ ಕೂಗಲು ಶುರು ಮಾಡಿತು. ಮುಂದಿನ ಸೀಟಿನಲ್ಲಿ ಭಾರ ಬಿದ್ದರೆ ಬೆಲ್ಟು ಹಾಕಿರೆಂದು ಅದು ಬೊಬ್ಬೆ ಹೊಡೆಯುತ್ತದಲ್ಲ. ಕಾಕಾ ಇಳಿದು ಬಂದು ದ್ರಾಕ್ಷಿ ಪೆಟ್ಟಿಗೆಗೆ ಬೆಲ್ಟು ಬಿಗಿದರು. ಹಿಂದಿನಿಂದ ಅಜ್ಜ ಕೇಳಿದರು, "ನನಗ ಬ್ಯಾಡೇನೋ?"

ಮನೆಗೆ ಬಂದಾಗ ಹೆಂಡತಿ, "ಇವತ್ತೇನು ರಿಪೇರಿ?" ಅಂದಳು. "ಅಜ್ಜನ್ನ ಮುಂದಿಂದ ಹಿಂದ ಇಟ್ಟು ಬಂದೆ" ಅಂದೆ. ಅವಳು ಆಕಾಶ ನೋಡಿದಳು. ಮಿರಗಕ್ಕೆ ಇನ್ನೂ ಎರಡು ತಿಂಗಳಿತ್ತು.

೩. ಕಾಳಿ ದೋನ

ಮಿರಜಿನಲ್ಲಿ ತಂಬೂರಿ ಮಾಡುವ ಒಬ್ಬ ಚಾಚಾ ಇದ್ದಾರೆ. ಧಾರವಾಡ ಕಡೆಯ ಗವಾಯಿಗಳೇ ಅವರ ಗಿರಾಕಿಗಳಾದ್ದರಿಂದ ಕನ್ನಡ ಸರಾಗ. ಅವರು ಕರೆದಾಗ ಮೊದಲೇ ಹೇಳಿಬಿಟ್ಟೆ: "ಚಾಚಾ, ಗ್ಯಾಸ್ ಅಂತ ಅನಬ್ಯಾಡ್ರಿ, ನಾ ನೋಡಿ ಹೇಳ್ತೇನಿ."

"ಗ್ಯಾಸ್ ಯಾರಂದ್ರು ಬೇಟಾ?" ಅಂದರು ಚಾಚಾ. "ಎಸಿ ಹಚ್ಚಿದ್ರ ಈ ಗಾಡಿ ಕಾಳಿ ದೋನದಾಗ ಹಾಡ್ತಿತ್ತು. ಎರಡು ವಾರದಿಂದ ಪಾಂಢರಿ ದೋನಕ್ಕ ಇಳದೈತಿ. ತಾರು ಸಡಿಲಾಗೇತಿ, ಬಿಗಿ ಮಾಡು."

ಕಾಳಿ ದೋನ, ಪಾಂಢರಿ ದೋನ ಅಂದರೆ ಹಾರ್ಮೋನಿಯಂ ಪೇಟಿಯ ಎರಡನೇ ಕರಿ ಮನೆ, ಎರಡನೇ ಬಿಳಿ ಮನೆ. ಅರ್ಧ ಸ್ವರ ಇಳಿದಿದೆ ಅಂತ ಅವರ ದೂರು. ಹನ್ನೆರಡು ವರ್ಷದ ಅನುಭವದವನು ನಾನು, ಒಳಗೊಳಗೇ ನಕ್ಕೆ. ಗೇಜು ಹಚ್ಚಿದೆ, ಗ್ಯಾಸ್ ಸರಿ. ಫ್ಯಾನು ಸರಿ. ಬಾನೆಟ್ಟಿನೊಳಗೆ ಕೈ ಹಾಕಿ ಕಂಪ್ರೆಸರಿನ ಬೆಲ್ಟು ಒತ್ತಿದೆ. ಜೋಕಾಲಿಯಂತೆ ಸಡಿಲ! ನನ್ನ ನಗು ಅಲ್ಲೇ ಬತ್ತಿತು.

ಮುಂದಿನ ಅರ್ಧ ತಾಸು ನಾನು ಶಿಷ್ಯ. ನಾನು ಬೆಲ್ಟು ಬಿಗಿಯುವುದು, ಎಂಜಿನ್ ಚಾಲೂ ಮಾಡುವುದು, ಚಾಚಾ ಕಣ್ಣು ಮುಚ್ಚಿ ಕೇಳುವುದು. "ಇನ್ನೊಂದೀಟು... ಹಾಂ, ಜಾಸ್ತಿ ಆತು... ಒಂದು ಎಳಿ ಇಳಸು... ಬಸ್!" ಅವರು 'ಬಸ್' ಅಂದ ಕ್ಷಣಕ್ಕೇ ಒಳಗೆ ಹಿಮದಂಥ ಗಾಳಿ. ನಾನು ಪಾನಾ ಕೆಳಗಿಟ್ಟು ಕೈಮುಗಿದೆ. ಆ ದಿನದಿಂದ ಯಾವ ಗಾಡಿ ಮುಟ್ಟುವ ಮೊದಲೂ ಒಂದು ನಿಮಿಷ ಸುಮ್ಮನೆ ನಿಂತು ಕೇಳುತ್ತೇನೆ, ಅದು ಚಾಚಾ ಕೊಟ್ಟ ವಿದ್ಯೆ.

ಚೀಲ ಹೆಗಲಿಗೇರಿಸಿ ಹೊರಟರೆ ಚಾಚಾ ತೋಳು ಹಿಡಿದರು. "ಎಲ್ಲಿ ಹೊಂಟಿ? ಹಾರ್ನು ಬೇಸುರ ಐತಿ. ಅದನ್ನೂ ಕಾಳಿ ದೋನಕ್ಕ ಕೂಡಿಸಿ ಹೋಗು."

೪. ಬಾಣಂತಿ

ಕಸಬೆ ಡಿಗ್ರಜದ ಒಂದು ಜೈನ ಮನೆ. ಯಜಮಾನರು ಒಕ್ಕಲುತನದವರು, ಮನೆಯಲ್ಲಿ ನಡೆಯುವುದು ಅವರ ತಾಯಿಯ ಮಾತು. ಎಸಿಯಲ್ಲಿ ಗಾಳಿ ಕಡಿಮೆ, ಮೇಲಾಗಿ ಚೀಂವ್ ಚೀಂವ್ ಅನ್ನುತ್ತದೆ ಅಂತ ದೂರು. ಚಾಚಾರ ವಿದ್ಯೆ ನೆನೆದು ಕಿವಿಗೊಟ್ಟೆ. ಇದು ಯಂತ್ರದ ಸ್ವರ ಅಲ್ಲ.

ಡ್ಯಾಶ್‌ಬೋರ್ಡಿನ ಕೆಳಗೆ ಬ್ಲೋವರ್ ಬಿಚ್ಚಿದೆ. ಅರಳೆ, ಮದುವೆ ಕಾರ್ಡಿನ ಚೂರು, ಎಲ್ಲ ಸೇರಿಸಿ ಕಟ್ಟಿದ ಗೂಡು. ಅದರಲ್ಲಿ ಇನ್ನೂ ಕಣ್ಣು ಬಿಡದ ಐದು ಇಲಿಮರಿಗಳು. ತಾಯಿ ಮೂಲೆಯಲ್ಲಿ ನನ್ನನ್ನೇ ನೋಡುತ್ತಿತ್ತು.

"ತಗದು ಹಿತ್ತಲದಾಗ ಬಿಟ್ಟು ಬರ್ತೇನಿ ಕಾಕಾ" ಅಂದೆ.

ಹಿಂದಿನಿಂದ ಅಜ್ಜಿಯ ದನಿ ಬಂತು. "ತಮ್ಮಾ, ಬಾಣಂತಿನ್ನ ಮನಿ ಬಿಟ್ಟು ಹೊರಗ ಹಾಕ್ತಾರೇನು?"

ಕಾಕಾ ಅಂದರು, "ಅವ್ವಾ, ನಾಳೆ ನನಗ ಪುಣೆಕ್ಕ ಹೋಗೂದೈತಿ."

"ಎಸ್‌ಟಿ ಬಸ್ಸಿಗೆ ಹೋಗು. ಮರಿ ಕಣ್ಣು ಬಿಟ್ಟು ತಾವ ಓಡ್ಯಾಡೂ ತನಕ ಈ ಗಾಡಿ ಅಲ್ಲಾಡಬಾರದು. ನೀ ಹುಟ್ಟಿದಾಗ ನನ್ನ ಯಾರರ ಅಲ್ಲಾಡಿಸಿದ್ರೇನು?"

ಈ ಮಾತಿಗೆ ಎದುರು ಮಾತಾಡುವ ಮಗ ಇನ್ನೂ ಹುಟ್ಟಿಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಬಿಟ್ಟೆ. ಅಜ್ಜಿ ಬ್ಲೋವರಿನ ಬಾಯಿಗೆ ಒಂದು ಹಳೇ ಮಲ್ಲಿನ ಪಂಚೆ ಇಳಿಬಿಟ್ಟರು, ಬಾಣಂತಿಗೆ ಗಾಳಿ ತಾಗಬಾರದು. ಹೊತ್ತು ಮುಳುಗುವ ಮೊದಲೇ ನನಗೆ ಊಟ ಹಾಕಿ ಕಳಿಸಿದರು. ಆಮೇಲೆ ದಿನಕ್ಕೊಂದು ಫೋನು. "ಇವತ್ತ ಎರಡು ಕಣ್ಣು ಬಿಟ್ಟಾವ." "ಸಣ್ಣದು ಹಾಲು ಕಡಿಮಿ ಕುಡೀತೈತಿ." ಹೆಂಡತಿ ಸಂಶಯದಿಂದ, "ಯಾರ ಮನಿ ಕೂಸಿನ ಸುದ್ದಿರೀ ಇದು?" ಅಂದಳು.

ಹದಿನೆಂಟನೆಯ ದಿನ ಹೋದರೆ ಗೂಡು ಖಾಲಿ. ತಾಯಿ ಮರಿ ಕಟ್ಟಿಕೊಂಡು ತಾನೇ ಹೋಗಿತ್ತು. ಎಲ್ಲ ತೊಳೆದು ಜೋಡಿಸುವಷ್ಟರಲ್ಲಿ ಪಕ್ಕದ ಮನೆಯವರು ಗೋಡೆಯ ಮೇಲಿಂದ ಕೂಗಿದರು. "ಏ ಮೇಸ್ತ್ರಿ, ಹಂಗ ಇತ್ತಾಗ ಬರ್ರಿ. ಎಸಿಯೊಳಗ ಏನೋ ಚೀಂವ್‌ಗುಡ್ತೈತಿ!"

ಅಜ್ಜಿ ನನಗಿಂತ ಮೊದಲು ಗೋಡೆಯ ಹತ್ತಿರ ಹೋದರು. "ಮುಟ್ಟಬ್ಯಾಡ್ರಿ. ಅದು ನಮ್ಮ ಮನಿ ಹೆಣಮಗಳು, ನಿಮ್ಮಲ್ಲಿಗೆ ಬಂದಾಳ."

೫. ಅಸಲಿ ಹಳದಿ

ಜೂನ್ ಬಂತು. ಮೋಡ ಕಟ್ಟತೊಡಗಿತು. ಮಾವಶಿ, ಚಾಚಾ, ಅಜ್ಜಿ ಎಲ್ಲರೂ ನನ್ನ ಹೆಸರು ಹೇಳಿ ಹರಸುತ್ತಿದ್ದರು, ಆದರೆ ಹರಕೆಯಿಂದ ಧಂದೆ ಕುದುರಿತು ಅಂತ ಹೇಳುವ ಹಾಗಿರಲಿಲ್ಲ. ಹೆಂಡತಿ ಬಟ್ಟೆ ಒಣಹಾಕುವಾಗೆಲ್ಲ ಆಕಾಶ ನೋಡುವಳು, ಆಮೇಲೆ ನನ್ನನ್ನು ನೋಡುವಳು.

ಅಂಥ ಒಂದು ದಿನ ಅವಳ ಎದುರಿಗೇ ಅವಳ ಅಣ್ಣನ ಫೋನು ಬಂತು. ಮಕ್ಕಳ ಜೊತೆ ನಾನೂ ಅವರನ್ನು ಮಾಮಾ ಅಂತಲೇ ಕರೆಯುತ್ತೇನೆ. ಅವರು ತಂಗಿಯ ಗಂಡನಾದ ನನಗೆ ದಾಜಿ ಅನ್ನುತ್ತಾರೆ.

"ದಾಜಿ, ತಾಬಡತೋಬ, ಈಗಿಂದೀಗ ಅಂಗಡಿಗೆ ಬರ್ರಿ. ಒಬ್ಬಾಂವಗ ಬುದ್ಧಿ ಹೇಳೂದೈತಿ."

ಹೋದೆ. ಅಂಗಡಿಯ ಮುಂದೆ ಸಾಲಾಗಿ ಏಳು ಕಾರು, ಎಲ್ಲದರ ಬಾಗಿಲು ತೆರೆದಿವೆ. ಮಾಮಾ ಮತ್ತು ಸುತ್ತಲಿನ ಆರು ಅರಿಶಿಣದ ಅಂಗಡಿಯವರು ಪಂಚಾಯಿತಿ ಕೂತಿದ್ದಾರೆ. ನಡೆದದ್ದು ಇಷ್ಟು. ಮಾಮಾರ ಗಾಡಿಯಲ್ಲಿ ಗಾಳಿ ಬರುತ್ತಿರಲಿಲ್ಲ. ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ, ತಾವೇ ಡ್ಯಾಶ್‌ಬೋರ್ಡಿನ ಹಿಂದಿನಿಂದ ಗಾಳಿಯ ಫಿಲ್ಟರ್ ತೆಗೆದಿದ್ದರು. ಹೊಸದನ್ನು ತರಿಸಿದರೆ ಅದು ಬಿಳಿ. ಹಳೆಯದು ಹಳದಿ! ನಕಲಿ ಅಂತ ವಾಪಸು ಕಳಿಸಿದರು. ಬಿಡಿಭಾಗದ ಅಂಗಡಿಯವನು ಇನ್ನೊಂದು ಕೊಟ್ಟ, ಅದೂ ಬಿಳಿ. ಮೂರನೆಯದೂ ಬಿಳಿ. ಮಾಮಾ ಸಿಟ್ಟಿಗೆದ್ದು ಅಕ್ಕಪಕ್ಕದವರ ಗಾಡಿಯ ಫಿಲ್ಟರುಗಳನ್ನೂ ತೆಗೆಸಿದರು. ಆರಕ್ಕೆ ಆರೂ ಹಳದಿ.

"ನೋಡ್ರಿ, ಏಳು ಸಾಕ್ಷಿ ಅದಾವ" ಅಂದರು ಮಾಮಾ. "ಕಂಪನಿಯವರು ಹಳದಿ ಹಾಕಿ ಕೊಡ್ತಾರ. ಇವನು ಬಿಳೇದು ಕೊಟ್ಟು ಮೋಸ ಮಾಡ್ತಾನ. ಬಣ್ಣ ನೋಡೂದ ನಮ್ಮ ಧಂದಾ, ನಮಗ ಟೋಪಿ ಹಾಕ್ತಾನ? ನೀವು ಎಸಿ ತಿಳದವರು. ಆ ಅಂಗಡಿಗೆ ಬಂದು ನಾಕು ಮಂದಿ ಮುಂದ ಹೇಳ್ರಿ."

ಹೌದೆಂದರೆ ಅಲ್ಲಿ ಪಾಪದ ಒಬ್ಬ ಅಂಗಡಿಯವನ ಮಾನ ಹೋಗುತ್ತದೆ. ಅಲ್ಲವೆಂದರೆ ಇಲ್ಲಿ ಪೇಟೆಯ ನಡುವೆ ಮಾಮಾರ ಮಾನ ಹೋಗುತ್ತದೆ, ಮಳೆ ಬಿದ್ದ ಮೇಲೆ ನಾನು ಕೂರಬೇಕಾದದ್ದು ಇದೇ ಮಾಮಾರ ಗಾದಿಯ ಮೇಲೆ. ಆದರೆ ಹನ್ನೆರಡು ವರ್ಷದ ನೌಕರಿ ಬಿಟ್ಟದ್ದೇ ಸುಳ್ಳು ಹೇಳಲಾಗದೆ.

"ಮಾಮಾ, ಒಂದು ಪೇಪರ್ ಹಾಸ್ರಿ" ಅಂದೆ.

ಅವರ ಹಳದಿ ಫಿಲ್ಟರನ್ನು ಮಗುಚಿ ಹಿಡಿದು ಪಾನಾದಿಂದ ಎರಡು ಸಲ ಬಡಿದೆ. ಧಪ್ ಅಂತ ಪೇಪರಿನ ಮೇಲೆ ಅರಿಶಿಣದ ಪುಡಿಯ ಗುಪ್ಪೆ ಬಿತ್ತು. ಪೇಟೆಯ ಧೂಳೆಲ್ಲ ಅಲ್ಲಿ ಕೂತಿತ್ತು. ಫಿಲ್ಟರಿನ ಮಡಿಕೆಯೊಳಗಿಂದ ಬಿಳಿ ಬಣ್ಣ ಇಣುಕಿತು. ನಾನು ಮಾಮಾರ ಮುಖ ನೋಡಲಾರದೆ ಪಾನಾ ನೋಡುತ್ತ ನಿಂತೆ.

ಮಾಮಾ ಬಗ್ಗಿದರು. ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿದರು. ಮೂಸಿದರು. ನಾಲಿಗೆಗೆ ಹಚ್ಚಿದರು. ಆಮೇಲೆ ಗಂಭೀರವಾಗಿ ಹೇಳಿದರು: "ಇದು ನಮ್ಮ ಮಾಲಲ್ಲ."

ಪಕ್ಕದ ಅಂಗಡಿಯವರ ಕಡೆ ತಿರುಗಿದರು. "ನಿಂದು. ವಾಸನಿ ಇಲ್ಲ, ಹೋದ ವರ್ಷದ ಹಳೇ ಮಾಲು."

"ನಮ್ಮ ಮಾಲು ಇಷ್ಟ ಹಲಕಾ ಅಲ್ಲ!" ಅಂತ ಅವರು ಎದ್ದೇಬಿಟ್ಟರು. "ಮೇಸ್ತ್ರಿ, ನನ್ನ ಗಾಡೀದು ಜಾಡಿಸ್ರಿ. ಯಾರದು ಬೀಳತೈತಿ ನೋಡೂಣು!"

ಫಿಲ್ಟರಿನ ಮಾತು ಎಲ್ಲರಿಗೂ ಮರೆತೇಹೋಯಿತು. ಏಳೂ ಫಿಲ್ಟರು ಜಾಡಿಸಿದೆ, ಏಳು ಪೇಪರಿನ ಮೇಲೆ ಏಳು ಗುಪ್ಪೆ. ಸೌದಾಕ್ಕೆ ಬಂದ ಮಾಲಿನಂತೆ ಎಲ್ಲರೂ ಒಬ್ಬರದನ್ನೊಬ್ಬರು ತಿಕ್ಕಿ, ಮೂಸಿ, ನೆಕ್ಕಿ, ಬೈದಾಡಿದರು. ನಡುನಡುವೆ ಪ್ರತಿಯೊಬ್ಬರೂ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ: "ನನ್ನ ಗಾಡಿ ನೀವ ನೋಡಿಕೊಳ್ರಿ. ಬ್ಯಾರೆಯವರ ಮಾಲು ನನ್ನ ಮೂಗಿನಾಗ ಬ್ಯಾಡ." ಏಳು ಗಾಡಿಯ ಕಾಯಂ ಕೆಲಸ! ಮನಸ್ಸು ಹಿಗ್ಗಿತು. ಇವರ ಮಾತು ಕೇಳಿ ಪೇಟೆಯಲ್ಲಿ ಇನ್ನೆಷ್ಟು ಜನ ಬಂದಾರು ಅಂತ ಲೆಕ್ಕ ಹಾಕುತ್ತಿದ್ದೆ, ಅಷ್ಟರಲ್ಲಿ ತಲೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಧೋ ಅಂತ ಸುರಿಯಿತು. ಮಿರಗದ ಮಳೆ.

ಏಳೂ ವ್ಯಾಪಾರಿಗಳು ಒಟ್ಟಿಗೆ ಹೌಹಾರಿದರು. "ಮಾಲು! ಮಾಲು!" ಅಂತ ಕೂಗುತ್ತ ಏಳೂ ಜನ ಏಳು ಪೇಪರು ಎತ್ತಿಕೊಂಡು, ಆ ಧೂಳನ್ನು ಎದೆಗೆ ಅವಚಿ ಅಂಗಡಿಯೊಳಗೆ ಓಡಿದರು. ಲಕ್ಷಗಟ್ಟಲೆಯ ಗಾಡಿಗಳು ಬಾಗಿಲು ತೆರೆದುಕೊಂಡು ಮಳೆಯಲ್ಲಿ ನಿಂತಿದ್ದವು. ನಾನೊಬ್ಬನೇ ಆ ತುದಿಯಿಂದ ಈ ತುದಿಗೆ ಓಡಿ, ಬಾಗಿಲು ಬಡಿದು, ಗಾಜು ಏರಿಸಿ, ಏಳನೆಯ ಗಾಡಿ ಮುಗಿಸುವಷ್ಟರಲ್ಲಿ ತೊಯ್ದು ತೊಪ್ಪೆಯಾದೆ.

ಅಂಗಡಿಯ ಮೆಟ್ಟಿಲು ಹತ್ತುವಾಗ ಕಿಸೆಯಲ್ಲಿ ಫೋನು ರಿಂಗಾಯಿತು. ಹೆಂಡತಿ.

"ಮಿರಜಿನಾಗ ಮಳಿ ಬಂತು. ಅಲ್ಲಿ?"

"ಇಲ್ಲೂ ಬಂತು" ಅಂದೆ. ಏಳು ಗಾಡಿಯ ಸುದ್ದಿ ಹೇಳಬೇಕೆಂದು ಬಾಯಿ ತೆರೆದೆ.

"ಪಾಡವಾದ ದಿನ ಕಬೂಲ ಅಂದೀರಿ. ನಾಳಿಂದ ಅಣ್ಣನ ಗಾದಿ. ಅಲ್ಲೇ ಅದೀರಲ್ಲ, ಅವನಿಗೆ ಫೋನ್ ಕೊಡ್ರಿ."

ಫೋನು ಮಾಮಾರ ಕಡೆ ಚಾಚಿದೆ. ಮಾಮಾ ಒಂದು ಕೈಯಲ್ಲಿ ಅರಿಶಿಣದ ಪೇಪರು ಹಿಡಿದೇ ಫೋನು ಕಿವಿಗಿಟ್ಟು ಕೇಳಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಮೈಯಿಂದ ನೀರು ಸೋರುತ್ತಿತ್ತು.

"ಬ್ಯಾಡ ತಂಗೀ" ಅಂದರು ಮಾಮಾ. "ಇವರು ಅವರ ಧಂದಾನ ಮಾಡಲಿ. ಮಳಿ ಬಂದಾಗ ಮಾಲು ಬಿಟ್ಟು ಗಾಡಿ ಕಡೆ ಓಡೂ ಮನಷ್ಯಾನ್ನ ನಾ ಗಾದಿ ಮ್ಯಾಲ ಹೆಂಗ ಕುಂದರಸಲಿ?"